ಮಧುಮೇಹವೂ ಜೀವಕೋಶದ ಸ್ವಭಕ್ಷಣವೂ

ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಹೆಸರುಗಳನ್ನು ಕೇಳಿದೊಡನೆ ಕನ್ನಡಿಗರ ಮನಸ್ಸಿಗೆ ಮೊದಲು ತೋರುವುದು ಕಬ್ಬು. ಕಾವೇರಿಯ ನಾಲೆ ಹರಿದೆಡೆಯಲ್ಲೆಲ್ಲ ಕಬ್ಬಿನ ಗದ್ದೆ. ಗದ್ದೆಗಳ ನಡುವೆ ಆಲೆಮನೆ. ಮಂಡ್ಯದ ಪೇಟೆಯಲ್ಲಿ ಬೆಲ್ಲದ ರಾಶಿ. ಇಂಥ ಸೀಮೆಯ ಜನರು ಮಧುಮೇಹಕ್ಕೆ ‘ಸಕ್ಕರೆ ಕಾಯಿಲೆ’ಯೆಂಬ ಹೆಸರನ್ನು ಬಳಸುತ್ತಿರುವುದರಿಂದ, ಸಕ್ಕರೆಯೇ ಈ ವ್ಯಾಧಿಯ ಮೂಲವೆಂದೂ, ಸಕ್ಕರೆಯನ್ನು ತೊರೆದವನಿಗೆ ಅದರ ಭಯವಿಲ್ಲವೆಂದೂ ತಿಳಿಯುವವರು ಅನೇಕರಿದ್ದಾರೆ. ಕಾರ್ಖಾನೆಯ ಸಕ್ಕರೆ ಮಾತ್ರ ಕೇಡು, ಆಲೆಮನೆಯ ಬೆಲ್ಲ ನಿರಪಾಯವೆಂದು ನಂಬಿರುವವರೂ ಉಂಟು. ಬೆಲ್ಲದ ಬಹುಭಾಗವೂ ಅದೇ ಸಕ್ಕರೆಯೆಂಬುದನ್ನು ಅವರಿಗೆ ಹೇಳಿ ಒಪ್ಪಿಸುವುದು ಸುಲಭವಲ್ಲ. ಈ ಎರಡು ನಂಬಿಕೆಗಳ ಜೊತೆಗೆ ಈಚೆಗೆ ಮೂರನೆಯದೊಂದು ಬಂದು ಸೇರಿದೆ. ಉಪವಾಸವನ್ನು ಮಾಡಿದರೆ ದೇಹದ ಜೀವಕೋಶಗಳು ತಮ್ಮ ಕಲ್ಮಷವನ್ನು ತಾವೇ ತಿಂದು ಶುದ್ಧಿಯಾಗುವುವು, ಅದರಿಂದ ಮಧುಮೇಹವು ಮದ್ದಿಲ್ಲದೆ ನೀಗುವುದು ಎಂಬುದು ಆ ನಂಬಿಕೆ. ಇದಕ್ಕೆ ಜಪಾನಿನ ವಿಜ್ಞಾನಿಯೊಬ್ಬರಿಗೆ ದೊರೆತ ನೊಬೆಲ್ ಪಾರಿತೋಷಕವನ್ನು ಪ್ರಮಾಣವಾಗಿ ತೋರಿಸುವುದೂ ಉಂಟು. ಈ ಮಾತಿನಲ್ಲಿ ನಿಜವೆಷ್ಟು, ಊಹೆಯೆಷ್ಟು ಎಂಬುದನ್ನು ವಿಚಾರಿಸದೆ ಔಷಧವನ್ನು ಬಿಟ್ಟವನಿಗೆ ಒದಗುವುದು ಪ್ರಾಣಸಂಕಟ. ಆದಕಾರಣ ಈ ಜ್ಞಾನವು ಎಲ್ಲಿಂದ ಹೊರಟು ಯಾವ ದಾರಿಯಲ್ಲಿ ಬಂದಿತೆಂಬುದನ್ನು ವಿವರವಾಗಿ ನೋಡುವುದು ಅವಶ್ಯಕ.

ಈ ವ್ಯಾಧಿಯ ಪರಿಚಯ ಭಾರತೀಯರಿಗೆ ಬಹು ಹಳೆಯದು. ಚರಕಸಂಹಿತೆಯು ಪ್ರಮೇಹಗಳನ್ನು ಇಪ್ಪತ್ತು ವಿಧವಾಗಿ ವಿಂಗಡಿಸಿ, ಕಫದಿಂದ ಹತ್ತು, ಪಿತ್ತದಿಂದ ಆರು, ವಾತದಿಂದ ನಾಲ್ಕು ಎಂದು ಎಣಿಸುತ್ತದೆ. ಮಧುಮೇಹವು ವಾತಜಗಳಲ್ಲಿ ಒಂದು. ರೋಗಿಯ ಮೂತ್ರಕ್ಕೂ ಶರೀರಕ್ಕೂ ಇರುವೆಗಳು ಮುತ್ತುವುದನ್ನು ಆ ಗ್ರಂಥವು ರೋಗದ ಪೂರ್ವರೂಪಗಳಲ್ಲಿ ಸೇರಿಸಿದೆ. ಅದರ ಚಿಕಿತ್ಸಾಸ್ಥಾನದ ಆರನೆಯ ಅಧ್ಯಾಯದಲ್ಲಿ ಹೇಳಿರುವ ಕಾರಣಗಳನ್ನು ಮಂಡ್ಯದ ವಾಚಕರು ಸಾವಧಾನವಾಗಿ ನೋಡಬೇಕು. ಸುಖಾಸನ, ಸುಖನಿದ್ರೆ, ಮೊಸರು, ಮಾಂಸರಸ, ಹಾಲು, ಹೊಸ ಧಾನ್ಯ ಇವುಗಳ ಸಾಲಿನಲ್ಲಿಯೇ ಬೆಲ್ಲದಿಂದಾದ ಭಕ್ಷ್ಯಗಳೂ ಅಲ್ಲಿ ಎಣಿಕೆಗೆ ಬಂದಿವೆ. ಬೆಲ್ಲವು ನಿರಪಾಯವೆಂಬ ಮಾತಿಗೆ ಆಯುರ್ವೇದವನ್ನು ಸಾಕ್ಷಿಗೆ ಕರೆಯುವವರು ಈ ಅಧ್ಯಾಯವನ್ನು ಓದಿಲ್ಲವೆಂದೇ ಹೇಳಬೇಕಾಗಿದೆ. ಆದರೆ ಚರಕನು ಬೆಲ್ಲವೊಂದನ್ನೇ ದೂಷಿಸಲಿಲ್ಲ. ಕುಳಿತು ತಿನ್ನುವ ಬಾಳನ್ನು ಮೊದಲು ಹೇಳಿ ಬೆಲ್ಲವನ್ನು ಅದರ ಹಿಂದೆ ನಿಲ್ಲಿಸಿದ್ದಾನೆ. ಮಧುಮೇಹಿಯ ಸಂತಾನದಲ್ಲಿ ಬೀಜದೋಷದಿಂದ ರೋಗವು ಬರುವುದೆಂಬುದನ್ನೂ ಆ ಗ್ರಂಥವು ಬಲ್ಲುದು.

ಸುಶ್ರುತನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಮೇಹಿಗಳಲ್ಲಿ ಹುಟ್ಟಿನಿಂದ ಬಂದವರು, ಅಪಥ್ಯದಿಂದ ಆದವರು ಎಂದು ಎರಡು ಪಂಗಡಗಳನ್ನು ಮಾಡಿ, ಮೊದಲನೆಯವರು ಕೃಶರೆಂದೂ ಎರಡನೆಯವರು ಸ್ಥೂಲರೆಂದೂ ಲಕ್ಷಣವನ್ನು ಕೊಟ್ಟಿದ್ದಾನೆ. ಯೂರೋಪಿನಲ್ಲಿ ಇದಕ್ಕೆ ಹೋಲುವ ವಿಭಾಗವು ಸ್ಪಷ್ಟವಾದ ಪರೀಕ್ಷೆಯೊಡನೆ ಬಂದುದು ೧೯೩೬ರಲ್ಲಿ, ಲಂಡನ್ನಿನ ಹಿಮ್ಸ್‌ವರ್ತ್ ಎಂಬ ವೈದ್ಯನು ಇನ್ಸುಲಿನ್ನಿಗೆ ದೇಹವು ಮಣಿಯುವ ರೋಗಿಗಳನ್ನೂ ಮಣಿಯದ ರೋಗಿಗಳನ್ನೂ ಬೇರ್ಪಡಿಸಿದಾಗ. ಸುಶ್ರುತನು ವಿಧಿಸಿದ ಚಿಕಿತ್ಸೆಯೂ ವಿಚಿತ್ರವಾಗಿದೆ. ಬಡರೋಗಿಯು ಕೊಡೆ ಪಾದರಕ್ಷೆಗಳಿಲ್ಲದೆ ಭಿಕ್ಷಾನ್ನವನ್ನುಂಡು ನೂರು ಯೋಜನ ನಡೆಯಬೇಕು, ಇಲ್ಲವೆ ಹಸುಗಳೊಡನೆ ತಿರುಗಬೇಕು, ಇಲ್ಲವೆ ಬಾವಿಯನ್ನು ತೋಡಬೇಕು. ಮಳವಳ್ಳಿಯ ಕಡೆಯ ಹಳೆಯ ಕಾಲದ ಬೇಸಾಯಗಾರನಿಗೆ ಇದನ್ನು ಚಿಕಿತ್ಸೆಯೆಂದು ಹೇಳಿದ್ದರೆ ಅವನು ನಕ್ಕುಬಿಡುತ್ತಿದ್ದನು. ಅವನ ದಿನಚರಿಯೇ ಅದಾಗಿತ್ತು.

ಯೂರೋಪಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೧೭ನೆಯ ಶತಮಾನದಲ್ಲಿ ಥಾಮಸ್ ವಿಲ್ಲಿಸ್ ಎಂಬ ಆಂಗ್ಲ ವೈದ್ಯನು ಮೂತ್ರದ ಸಿಹಿಯನ್ನು ಬರೆದಿಟ್ಟನು. ೧೭೭೬ರಲ್ಲಿ ಮ್ಯಾಥ್ಯೂ ಡಾಬ್ಸನ್ ಆ ಸಿಹಿಯು ಸಕ್ಕರೆಯೇ ಎಂದು ತೋರಿಸಿದನು. ೧೮೬೯ರಲ್ಲಿ ಬರ್ಲಿನ್ನಿನ ವಿದ್ಯಾರ್ಥಿ ಪಾಲ್ ಲಾಂಗರ್‌ಹಾನ್ಸನು ಮೇದೋಜೀರಕ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ, ಕಡಲಲ್ಲಿ ಚೆದರಿದ ನಡುಗಡ್ಡೆಗಳಂತಿರುವ ಬೇರೊಂದು ಜಾತಿಯ ಕೋಶಗಳ ಗುಂಪುಗಳನ್ನು ಕಂಡನು. ಅವುಗಳ ಕೆಲಸವೇನೆಂಬುದು ಅವನಿಗೆ ತಿಳಿಯಲಿಲ್ಲ. ೧೮೮೯ರಲ್ಲಿ ಫಾನ್ ಮೇರಿಂಗ್, ಮಿನ್ಕೋವ್ಸ್ಕಿ ಎಂಬಿಬ್ಬರು ಸ್ಟ್ರಾಸ್‌ಬರ್ಗಿನಲ್ಲಿ ನಾಯಿಯೊಂದರ ಮೇದೋಜೀರಕವನ್ನು ತೆಗೆದುಹಾಕಲಾಗಿ ಅದಕ್ಕೆ ಮಧುಮೇಹವುಂಟಾಯಿತು. ಕಡೆಗೆ ೧೯೨೧ರಲ್ಲಿ ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಬ್ಯಾಂಟಿಂಗ್, ಬೆಸ್ಟ್ ಎಂಬವರು ಆ ನಡುಗಡ್ಡೆಗಳ ಸಾರವನ್ನು ಹಿಂಡಿ ತೆಗೆದರು. ಕಾಲಿಪ್ ಎಂಬ ರಸಾಯನಜ್ಞನು ಅದನ್ನು ಶುದ್ಧಿಮಾಡಿದನು. ೧೯೨೨ರ ಜನವರಿಯಲ್ಲಿ ಲೆನರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಅದನ್ನು ಚುಚ್ಚಿದರು. ಸಾಯುವಂತಿದ್ದ ಮಗು ಬದುಕಿತು. ಮರುವರ್ಷವೇ ಬ್ಯಾಂಟಿಂಗನಿಗೂ ಆ ಪ್ರಯೋಗಶಾಲೆಯ ಮುಖ್ಯನಾದ ಮೆಕ್ಲೌಡನಿಗೂ ನೊಬೆಲ್ ಪಾರಿತೋಷಕವು ಬಂದಿತು.

ಇಲ್ಲಿ ಒಂದು ಯೋಗಾಯೋಗವನ್ನು ಹೇಳದೆ ಬಿಡಲಾಗದು. ಮಂಡ್ಯಕ್ಕೆ ಸಕ್ಕರೆಯ ಕಾರ್ಖಾನೆಯನ್ನು ತರುವುದರಲ್ಲಿ ಮುಂದಾಗಿ ನಿಂತ ಲೆಸ್ಲಿ ಕೋಲ್ಮನ್ನರು, ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಡೈರೆಕ್ಟರು, ಅದೇ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಒಂದೇ ವಿದ್ಯಾಲಯವು ಒಂದು ಕೈಯಿಂದ ಮಂಡ್ಯಕ್ಕೆ ಸಕ್ಕರೆಯನ್ನೂ ಇನ್ನೊಂದು ಕೈಯಿಂದ ಲೋಕಕ್ಕೆ ಇನ್ಸುಲಿನ್ನನ್ನೂ ಕೊಟ್ಟಿತೆಂದು ವಿನೋದವಾಗಿ ಹೇಳಬಹುದು.

ಆ ಕಾಲದಲ್ಲಿ ಮಂಡ್ಯದ ನೆಲವು ಹೇಗಿತ್ತೆಂಬುದನ್ನು ಈಗಿನ ಹಸುರನ್ನು ನೋಡಿ ಊಹಿಸಲಾಗದು. ಕೆರೆಯ ಕೆಳಗಣ ಅಷ್ಟಿಷ್ಟು ಗದ್ದೆಯನ್ನು ಬಿಟ್ಟರೆ ಉಳಿದುದೆಲ್ಲ ಮಳೆಯನ್ನು ನಂಬಿದ ಹೊಲ. ರಾಗಿ, ಹುರುಳಿ, ಅವರೆ ಅಲ್ಲಿಯ ಬೆಳೆ. ೧೯೧೧ರಲ್ಲಿ ಮೊದಲಾದ ಕೃಷ್ಣರಾಜಸಾಗರದ ಕಟ್ಟೆಯು ಮುಗಿಯುತ್ತ ಬಂದ ೧೯೩೦ರ ಸುಮಾರಿನಲ್ಲಿ, ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಇರ್ವಿನ್ ನಾಲೆಯು ಹುಲಿಕೆರೆಯ ಸುರಂಗವನ್ನು ಹಾಯ್ದು ಈ ಸೀಮೆಗೆ ಇಳಿಯಿತು. ೧೯೩೩ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಮೈಸೂರು ಸಕ್ಕರೆ ಕಂಪೆನಿಯು ಮಂಡ್ಯದಲ್ಲಿ ಸ್ಥಾಪಿತವಾಯಿತು. ೧೯೩೯ರಲ್ಲಿ ಮೈಸೂರು ಜಿಲ್ಲೆಯಿಂದ ಒಡೆದು ಮಂಡ್ಯವೇ ಒಂದು ಜಿಲ್ಲೆಯಾಯಿತು. ನಾಲೆಯ ನೀರಿನ ಜೊತೆಗೆ ಬಂದ ಮಲೇರಿಯ ಜ್ವರವು ಆಗಿನ ಅಧಿಕಾರಿಗಳಿಗೆ ದೊಡ್ಡ ಚಿಂತೆಯಾಗಿತ್ತು. ನಾಲೆಯು ಎರಡು ಮೂರು ತಲೆಮಾರುಗಳಲ್ಲಿ ಜನರ ಊಟವನ್ನೂ ನಡೆಯುವ ದೂರವನ್ನೂ ಬದಲಾಯಿಸುವುದೆಂಬ ಯೋಚನೆಗೆ ಆಗ ಅವಕಾಶವಿರಲಿಲ್ಲ. ರಾಗಿಯ ಜಾಗಕ್ಕೆ ಅನ್ನ ಬಂದಿತು. ನಡಿಗೆಯ ಜಾಗಕ್ಕೆ ಮೊದಲು ಮೋಟಾರು ಬಸ್ಸು, ಆಮೇಲೆ ಮನೆಮನೆಯ ವಾಹನ. ಮದ್ದೂರಿನ ರೈಲು ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಅಪರೂಪದ ತಿಂಡಿಯಾಗಿದ್ದ ವಡೆಯು ಹೆದ್ದಾರಿಯ ಉದ್ದಕ್ಕೂ ದಿನನಿತ್ಯದ ತಿಂಡಿಯಾಯಿತು. ಚರಕನು ಹೇಳಿದ ಸುಖಾಸನವು ಹೀಗೆ ಅರಸರ ಮನೆಯಿಂದ ಬೇಸಾಯಗಾರನ ಮನೆಗೆ ಬಂದಿತು. ೨೦೨೩ರಲ್ಲಿ ಪ್ರಕಟವಾದ ಅಖಿಲ ಭಾರತದ ಗಣತಿಯೊಂದರ ಪ್ರಕಾರ ಈ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ೧೦.೧ ಕೋಟಿ; ವಯಸ್ಕರಲ್ಲಿ ಶೇಕಡ ೧೧.೪. ಕಬ್ಬನ್ನೇ ಕಾಣದ ಸೀಮೆಗಳೂ ಈ ಲೆಕ್ಕದಲ್ಲಿ ಸೇರಿರುವುದರಿಂದ, ಮಂಡ್ಯದ ಕಬ್ಬಿನ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದು ನ್ಯಾಯವಲ್ಲ.

ಇದಕ್ಕೆ ಸಂಬಂಧಿಸಿದ ಒಂದು ಅಮೂಲ್ಯ ದಾಖಲೆಯು ಈ ನೆರೆಯಲ್ಲಿಯೇ ಉಳಿದುಬಂದಿತು. ಮೈಸೂರಿನಲ್ಲಿ ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ೧೯೩೪ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ತಪ್ಪದೆ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮಂಡ್ಯದಲ್ಲಿ ಸಕ್ಕರೆಯ ಕಾರ್ಖಾನೆಯು ತಲೆಯೆತ್ತಿದ ಕಾಲವೂ ಅದೇ. ಅರುವತ್ತು ವರ್ಷಗಳ ಬಳಿಕ, ಆ ಮಕ್ಕಳಲ್ಲಿ ಊರಿನಲ್ಲಿಯೇ ಉಳಿದಿದ್ದವರನ್ನು ಹುಡುಕಿ, ಐನೂರಕ್ಕೂ ಮಿಕ್ಕ ಸ್ತ್ರೀಪುರುಷರನ್ನು ಕ್ಯಾರೊಲಿನ್ ಫಾಲ್ ಮೊದಲಾದ ಇಂಗ್ಲೆಂಡಿನ ಮತ್ತು ಮೈಸೂರಿನ ವೈದ್ಯರು ಕೂಡಿ ಪರೀಕ್ಷಿಸಿದರು. ಮಧುಮೇಹದ ವಿಷಯದ ವರದಿಯು ೧೯೯೮ರಲ್ಲಿ ಹೊರಬಿದ್ದಿತು. ಇಂಗ್ಲೆಂಡಿನಲ್ಲಿ ಹುಟ್ಟುವಾಗ ತೂಕ ಕಡಿಮೆಯಿದ್ದವರಿಗೆ ಮುಂದೆ ಮಧುಮೇಹವು ಹೆಚ್ಚೆಂದು ಅದಕ್ಕೆ ಮೊದಲು ಕಂಡುಬಂದಿತ್ತು. ಮೈಸೂರಿನಲ್ಲಿ ಹುಟ್ಟುವಾಗ ಗಿಡ್ಡವಾಗಿ ದುಂಡಗಿದ್ದವರಲ್ಲಿಯೂ, ತೂಕ ಹೆಚ್ಚಾಗಿದ್ದ ತಾಯಂದಿರ ಮಕ್ಕಳಲ್ಲಿಯೂ ಅದು ಹೆಚ್ಚಾಗಿತ್ತು. ದಾರಿ ಬೇರೆಯಾದರೂ ತಾತ್ಪರ್ಯವು ಒಂದೇ: ಈ ರೋಗದ ಮೊದಲ ಗೆರೆಗಳು ನಾಲಗೆಗೆ ಸಕ್ಕರೆಯ ರುಚಿ ಹತ್ತುವುದಕ್ಕೆ ಮುಂಚೆ, ತಾಯಿಯ ಗರ್ಭದಲ್ಲಿಯೇ ಬೀಳಬಹುದು. ಹೆಸರಿಲ್ಲದ ಆ ದಾದಿಯರ ಶ್ರದ್ಧೆಯು ವಿದ್ವಾಂಸರ ಎಷ್ಟೋ ಗ್ರಂಥಗಳಿಗಿಂತ ಹೆಚ್ಚು ಫಲವನ್ನು ಕೊಟ್ಟಿತು.

ಹಾಗಾದರೆ ನಾಲ್ಕು ಹತ್ತು ವರ್ಷ ಸರಿಯಾಗಿಯೇ ದುಡಿದ ಗ್ರಂಥಿಯು ನಡುವಯಸ್ಸಿನಲ್ಲಿ ಸೋಲುವುದೇಕೆ? ಚರಿತ್ರೆಯ ಹೊಸ ಅಧ್ಯಾಯವು ಮೊದಲಾಗುವುದು ಈ ಪ್ರಶ್ನೆಯಿಂದ. ಇನ್ಸುಲಿನ್ನನ್ನು ಮಾಡುವುದು ಲಾಂಗರ್‌ಹಾನ್ಸನ ನಡುಗಡ್ಡೆಗಳಲ್ಲಿರುವ ಬೀಟಾ ಕೋಶಗಳು. ಗ್ರಂಥಿಯ ಒಟ್ಟು ತೂಕದಲ್ಲಿ ನಡುಗಡ್ಡೆಗಳದು ನೂರಕ್ಕೆ ಒಂದೆರಡು ಪಾಲು ಮಾತ್ರ. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆಯು ಏರಿದಾಗ, ಒಂದೊಂದು ಬೀಟಾ ಕೋಶವು ನಿಮಿಷಕ್ಕೆ ಸುಮಾರು ಹತ್ತು ಲಕ್ಷ ಇನ್ಸುಲಿನ್ ಅಣುಗಳ ಪೂರ್ವರೂಪವನ್ನು ಹೆಣೆಯಬಲ್ಲುದೆಂದು ಲೆಕ್ಕಹಾಕಿದ್ದಾರೆ. ಇಷ್ಟು ಅವಸರದ ಕೆಲಸದಲ್ಲಿ ಕೆಲವು ಅಣುಗಳು ಸೊಟ್ಟಾಗಿ ಮಡಿಸಿಕೊಳ್ಳುವುದು ಸಹಜ. ಕೋಶಕ್ಕೆ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯವೆಂಬ ಸೂಕ್ಷ್ಮಾಂಗಗಳೂ ದುಡಿದು ಸವೆಯುವುವು. ಚರ್ಮದ ಕೋಶಗಳಾದರೆ ಹಳೆಯವು ಉದುರಿ ಹೊಸವು ಹುಟ್ಟುವುವು. ಮನುಷ್ಯನ ಬೀಟಾ ಕೋಶಗಳಿಗೆ ಆ ಭಾಗ್ಯವಿಲ್ಲ. ಯೌವನ ಕಳೆದ ಮೇಲೆ ಅವು ಬಹು ವಿರಳವಾಗಿ ಇಬ್ಭಾಗವಾಗುವುವು. ಇದ್ದ ಕೋಶಗಳೇ ದಶಕಗಳ ಕಾಲ ಇರಬೇಕು. ಬೇರೆ ಕೋಶಗಳಿಗಿಂತ ಹೆಚ್ಚಾಗಿ ಇವುಗಳ ಆಯುಸ್ಸು ತಮ್ಮೊಳಗಿನ ಮುರುಕುಗಳನ್ನು ವಿಲೇವಾರಿ ಮಾಡಿಕೊಳ್ಳುವ ಶಕ್ತಿಯನ್ನು ಹೊಂದಿಕೊಂಡಿದೆ.

ಆ ವಿಲೇವಾರಿಯ ವ್ಯವಸ್ಥೆಯು ಪತ್ತೆಯಾದ ಕಥೆಯು ಮಧುಮೇಹದಿಂದಲೇ ಹೊರಟದ್ದೆಂಬುದು ಅನೇಕರಿಗೆ ತಿಳಿಯದು. ಬೆಲ್ಜಿಯಮ್ ದೇಶದ ಲೂವೆನ್ ನಗರದ ಕ್ರಿಸ್ಟಿಯಾನ್ ಡ ಡೂವ್ ಎಂಬ ವೈದ್ಯನು ಯೌವನದಲ್ಲಿ ಇನ್ಸುಲಿನ್ನಿಗೇ ಮನಸೋತವನು. ಸಕ್ಕರೆ, ಇನ್ಸುಲಿನ್, ಮಧುಮೇಹ ಎಂಬ ವಿಷಯದ ಮೇಲೆಯೇ ೧೯೪೫ರಲ್ಲಿ ಪುಸ್ತಕವನ್ನು ಬರೆದನು. ಇನ್ಸುಲಿನ್ ಯಕೃತ್ತಿನ ಮೇಲೆ ಹೇಗೆ ವರ್ತಿಸುವುದೆಂಬುದನ್ನು ಕಂಡುಹಿಡಿಯಬೇಕೆಂಬುದು ಅವನ ಹಂಬಲ. ಅದಕ್ಕಾಗಿ ಇಲಿಯ ಯಕೃತ್ತನ್ನು ಅರೆದು, ಅದರೊಳಗಿನ ಕಿಣ್ವಗಳನ್ನು ಅಳೆಯುತ್ತಿದ್ದನು. ೧೯೪೯ರ ಕಡೆಯಲ್ಲಿ, ಹೋಲಿಕೆಗಾಗಿ ಅಳೆದ ಆಮ್ಲೀಯ ಫಾಸ್ಫಟೇಸ್ ಎಂಬ ಕಿಣ್ವದ ಕಸುವು ಎಣಿಸಿದ್ದರ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ಬಂದಿತು. ಆ ದ್ರವವನ್ನು ಶೀತಲಪೆಟ್ಟಿಗೆಯಲ್ಲಿಟ್ಟು ಐದು ದಿನಗಳ ಮೇಲೆ ಮತ್ತೆ ಅಳೆದರೆ ಕಸುವು ಪೂರ್ಣವಾಗಿ ಮರಳಿತ್ತು! ಮತ್ತೊಬ್ಬನಾಗಿದ್ದರೆ ಕೈತಪ್ಪೆಂದು ಚೆಲ್ಲಿಬಿಡುತ್ತಿದ್ದನು. ಡ ಡೂವನು ಇನ್ಸುಲಿನ್ನನ್ನು ಬದಿಗಿಟ್ಟು ಈ ಒಗಟಿನ ಹಿಂದೆ ಬಿದ್ದನು. ಕಿಣ್ವವು ಸಣ್ಣ ಚೀಲಗಳಲ್ಲಿ ಅಡಗಿರುವುದು, ಚೀಲ ಹರಿದಾಗ ಹೊರಬರುವುದು ಎಂಬುದು ಸ್ಪಷ್ಟವಾಯಿತು. ಆಹಾರಪದಾರ್ಥಗಳನ್ನೂ ಕೋಶದ ತುಣುಕುಗಳನ್ನೂ ಕರಗಿಸಬಲ್ಲ ಕಿಣ್ವಗಳೇ ಆ ಚೀಲಗಳಲ್ಲಿ ತುಂಬಿದ್ದುವು. ೧೯೫೫ರಲ್ಲಿ ಅವುಗಳಿಗೆ ಲೈಸೋಸೋಮ್ ಎಂಬ ಹೆಸರನ್ನಿಟ್ಟನು. ಜೀವಕೋಶದೊಳಗಿನ ಜಠರವೆಂದು ಅದನ್ನು ಕರೆಯಬಹುದು.

೧೯೬೨ರಲ್ಲಿ ಅಮೆರಿಕದ ಆಶ್‌ಫರ್ಡ್, ಪೋರ್ಟರ್ ಎಂಬವರು ಇಲಿಗಳಿಗೆ ಗ್ಲೂಕಗಾನನ್ನು ಕೊಟ್ಟು ಯಕೃತ್ತನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಗ್ಲೂಕಗಾನ್ ಎಂಬುದು ಅದೇ ನಡುಗಡ್ಡೆಗಳ ಆಲ್ಫಾ ಕೋಶಗಳಿಂದ ಒಸರಿ, ಹಸಿದಾಗ ರಕ್ತದಲ್ಲಿ ಸಕ್ಕರೆಯನ್ನು ಏರಿಸುವ ರಸ, ಇನ್ಸುಲಿನ್ನಿನ ಪ್ರತಿಪಕ್ಷಿ. ಕೋಶದ ಸ್ವಂತ ಅಂಗಗಳ ತುಣುಕುಗಳು ಚೀಲಗಳೊಳಗೆ ಸಿಕ್ಕಿ ಕರಗುತ್ತಿರುವುದು ಅವರ ಕಣ್ಣಿಗೆ ಬಿದ್ದಿತು. ಮರುವರ್ಷ ಲಂಡನ್ನಿನಲ್ಲಿ ನಡೆದ ವಿದ್ವತ್ಸಭೆಯೊಂದರಲ್ಲಿ ಡ ಡೂವನು ಈ ಕ್ರಿಯೆಗೆ ಗ್ರೀಕ್ ಭಾಷೆಯಿಂದ ಆಟೋಫಜಿ ಎಂಬ ಪದವನ್ನು ಮಾಡಿದನು. ಕನ್ನಡದಲ್ಲಿ ಸ್ವಭಕ್ಷಣವೆಂದರೆ ಅರ್ಥವು ತಪ್ಪದು. ಮುಂದೆ ಗ್ಲೂಕಗಾನ್ ಸ್ವಭಕ್ಷಣವನ್ನು ಹೆಚ್ಚಿಸುವುದೆಂದೂ ಇನ್ಸುಲಿನ್ ಯಕೃತ್ತಿನಲ್ಲಿ ಅದನ್ನು ತಡೆಯುವುದೆಂದೂ ಸಿದ್ಧವಾಯಿತು. ಉಂಡಾಗ ಕಟ್ಟುವ ಕೆಲಸ, ಹಸಿದಾಗ ಕೆಡವಿ ಅದರ ಸಾಮಗ್ರಿಯಿಂದಲೇ ಜೀವಿಸುವ ಕೆಲಸ. ಎರಡರ ಸೂತ್ರವೂ ಒಂದೇ ನಡುಗಡ್ಡೆಯ ಕೈಯಲ್ಲಿದೆ. ಲೈಸೋಸೋಮಿನ ಶೋಧಕ್ಕಾಗಿ ಡ ಡೂವನಿಗೆ ೧೯೭೪ರಲ್ಲಿ ನೊಬೆಲ್ ಪಾರಿತೋಷಕದ ಒಂದು ಪಾಲು ಸಂದಿತು.

ಈ ಕ್ರಿಯೆಯ ಹೋಲಿಕೆಯನ್ನು ಹೊರದೇಶದಲ್ಲಿ ಹುಡುಕಬೇಕಾದ ಆವಶ್ಯಕತೆಯಿಲ್ಲ. ಮದ್ದೂರಿನ ಸುತ್ತಲ ಯಾವ ಆಲೆಮನೆಗೆ ಹೋದರೂ, ಗಾಣದಲ್ಲಿ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಬಯಲಿನಲ್ಲಿ ಹರಡಿ ಒಣಗಿಸಿ, ಹಾಲು ಕಾಯುವ ಕೊಪ್ಪರಿಗೆಯ ಒಲೆಗೆ ಅದನ್ನೇ ಉರುವಲಾಗಿ ತುಂಬುವುದನ್ನು ಕಾಣಬಹುದು. ಸಿಪ್ಪೆಯು ಒಲೆಗೆ ಹೋಗದೆ ಗಾಣದ ಸುತ್ತ ಬೆಳೆಯುತ್ತ ಬಂದರೆ ಎರಡು ತೊಂದರೆಗಳು ಒಟ್ಟಿಗೆ ಉಂಟಾಗುವುವು. ಒಲೆ ಆರುವುದು, ಕಾಲಿಡಲು ಎಡೆಯಿಲ್ಲದೆ ಗಾಣವೂ ನಿಲ್ಲುವುದು. ಕೋಶದಲ್ಲಿಯೂ ಹಾಗೆಯೇ. ಮುರುಕುಗಳ ಸುತ್ತ ಎರಡು ಪದರದ ಪೊರೆಯೊಂದು ಬೆಳೆದು ಅವುಗಳನ್ನು ಗಂಟುಕಟ್ಟುವುದು. ಆ ಗಂಟು ಲೈಸೋಸೋಮಿನೊಡನೆ ಕೂಡುವುದು. ಒಳಗಿನದು ಕರಗಿ ಅಮೈನೊ ಆಮ್ಲ ಮೊದಲಾದ ಮೂಲದ್ರವ್ಯಗಳಾಗಿ ಮತ್ತೆ ಬಳಕೆಗೆ ಬರುವುದು.

ಆದರೆ ಡ ಡೂವನ ಬಳಿಕ ಮೂವತ್ತು ವರ್ಷಗಳ ಕಾಲ ಈ ವಿದ್ಯೆಯು ಹೆಚ್ಚು ಮುಂದುವರಿಯಲಿಲ್ಲ. ಕ್ರಿಯೆಯು ಕಣ್ಣಿಗೆ ಕಾಣುತ್ತಿದ್ದರೂ ಅದನ್ನು ನಡೆಯಿಸುವ ಜೀನುಗಳು ಯಾವುವೆಂಬುದು ಗೊತ್ತಿರಲಿಲ್ಲ. ಅದನ್ನು ಬಿಡಿಸಿದವರು ಯೋಷಿನೋರಿ ಓಸುಮಿ. ೧೯೮೮ರಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ, ಟೋಕಿಯೊ ವಿಶ್ವವಿದ್ಯಾನಿಲಯದಲ್ಲಿ ಅವರಿಗೊಂದು ಸಣ್ಣ ಪ್ರಯೋಗಶಾಲೆಯು ದೊರೆಯಿತು. ಅವರು ಆರಿಸಿಕೊಂಡ ಜೀವಿಯು ಯೀಸ್ಟ್. ರೊಟ್ಟಿಯ ಹಿಟ್ಟನ್ನು ಉಬ್ಬಿಸುವ, ಸಕ್ಕರೆ ಕಾರ್ಖಾನೆಗಳ ಕಾಕಂಬಿಯಿಂದ ಮದ್ಯಸಾರವನ್ನು ಹುಟ್ಟಿಸುವ ಜಾತಿಯದೇ. ಕರಗಿಸುವ ಕಿಣ್ವಗಳಿಲ್ಲದ ಯೀಸ್ಟನ್ನು ಅವರು ಉಪವಾಸ ಕೆಡವಿದರು. ಗಂಟುಗಳು ಕರಗದೆ ಕೆಲವೇ ಗಂಟೆಗಳಲ್ಲಿ ಕೋಶದ ಉಗ್ರಾಣದಲ್ಲಿ ರಾಶಿಬಿದ್ದು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿಯೇ ಕಂಡುವು. ೧೯೯೨ರಲ್ಲಿ ಇದು ಪ್ರಕಟವಾಯಿತು. ಮುಂದಿನ ವರ್ಷವೇ, ಇಂಥ ರಾಶಿಯು ಕಾಣದ ವಿಕೃತ ತಳಿಗಳನ್ನು ಹುಡುಕಿ ಸ್ವಭಕ್ಷಣಕ್ಕೆ ಬೇಕಾದ ಹದಿನೈದು ಜೀನುಗಳನ್ನು ಅವರು ಗುರುತಿಸಿದರು. ಅವೇ ಜೀನುಗಳ ಬಂಧುಗಳು ಇಲಿಯಲ್ಲಿಯೂ ಮನುಷ್ಯನಲ್ಲಿಯೂ ಇರುವುದು ಬಳಿಕ ತಿಳಿಯಿತು. ೨೦೧೬ರ ನೊಬೆಲ್ ಪಾರಿತೋಷಕವು ಓಸುಮಿಯವರೊಬ್ಬರಿಗೇ ಬಂದುದು ಈ ಕೆಲಸಕ್ಕಾಗಿ. ಜನರು ಉಪವಾಸಕ್ಕೆ ಪ್ರಮಾಣವೆಂದು ಉದಾಹರಿಸುವುದೂ ಇದನ್ನೇ. ಅವರು ಉಪವಾಸವಿಟ್ಟದ್ದು ಯೀಸ್ಟನ್ನು, ಮಧುಮೇಹಿಯನ್ನಲ್ಲ.

ಜೀನುಗಳು ಕೈಗೆ ಸಿಕ್ಕಿದ ಮೇಲೆ ಬೀಟಾ ಕೋಶವನ್ನು ನೇರವಾಗಿ ಪ್ರಶ್ನಿಸಲು ಸಾಧ್ಯವಾಯಿತು. ೨೦೦೮ರಲ್ಲಿ ಟೋಕಿಯೊದ ಒಂದು ತಂಡವೂ ಸಿಯೋಲ್ ನಗರದ ಇನ್ನೊಂದು ತಂಡವೂ ಬೇರೆಬೇರೆಯಾಗಿ ಒಂದೇ ಪ್ರಯೋಗವನ್ನು ಮಾಡಿದುವು. ಚಿಟ್ಟಿಲಿಯ ಬೀಟಾ ಕೋಶಗಳಲ್ಲಿ ಮಾತ್ರ ಸ್ವಭಕ್ಷಣದ ಒಂದು ಮುಖ್ಯ ಜೀನನ್ನು ತೆಗೆದುಹಾಕಿದರು. ಕೋಶಗಳಲ್ಲಿ ಗುರುತುಹಾಕಿದ ಕಸವು ಕರಗದೆ ಕೂಡಿತು, ಮೈಟೊಕಾಂಡ್ರಿಯಗಳು ಊದಿಕೊಂಡುವು, ಬೀಟಾ ಕೋಶಗಳ ಮೊತ್ತವೂ ಇನ್ಸುಲಿನ್ನಿನ ಪ್ರಮಾಣವೂ ತಗ್ಗಿ ರಕ್ತದಲ್ಲಿ ಸಕ್ಕರೆಯು ಏರಿತು. ಕೊಬ್ಬಿನ ಆಹಾರವನ್ನು ತಿನ್ನಿಸಿದಾಗ ಸಾಧಾರಣ ಇಲಿಯ ನಡುಗಡ್ಡೆಗಳು ಸ್ವಭಕ್ಷಣವನ್ನು ಹೆಚ್ಚಿಸಿಕೊಂಡು, ಬೀಟಾ ಕೋಶಗಳನ್ನೂ ಬೆಳೆಸಿಕೊಂಡು ಆ ಭಾರವನ್ನು ತಾಳಿಕೊಂಡುವು. ಜೀನಿಲ್ಲದ ಇಲಿಗೆ ಅದು ಆಗಲಿಲ್ಲ. ಮರುವರ್ಷ ಇಟಲಿಯ ಪೀಸಾದಲ್ಲಿ, ಮಧುಮೇಹದಿಂದ ಬಳಲಿದ್ದ ಮನುಷ್ಯರ ಬೀಟಾ ಕೋಶಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ಅರ್ಧ ಕರಗಿದ ಗಂಟುಗಳು ಹೇರಳವಾಗಿ ಕಂಡುಬಂದುವು. ಕಟ್ಟುವುದು ನಡೆದಿತ್ತು, ಕರಗುವುದು ನಿಂತಿತ್ತು ಎಂದು ಅದಕ್ಕೆ ಅರ್ಥಮಾಡಿದರು.

ಇದರೊಡನೆ ನೂರು ವರ್ಷಕ್ಕೂ ಹಳೆಯ ಒಂದು ಒಗಟು ಬಂದು ಕೂಡಿತು. ೧೯೦೧ರಲ್ಲಿಯೇ ಅಮೆರಿಕದ ಯೂಜೀನ್ ಓಪೀ ಎಂಬವನು, ಸತ್ತ ಮಧುಮೇಹಿಗಳ ನಡುಗಡ್ಡೆಗಳಲ್ಲಿ ಗಾಜಿನಂತೆ ಹೊಳೆಯುವ ಮಡ್ಡಿಯೊಂದನ್ನು ಕಂಡಿದ್ದನು. ಆ ಮಡ್ಡಿಯು, ಇನ್ಸುಲಿನ್ನಿನ ಜೊತೆಯಲ್ಲಿಯೇ ಬೀಟಾ ಕೋಶದಿಂದ ಹೊರಡುವ ಅಮೈಲಿನ್ ಎಂಬ ಪದಾರ್ಥವು ಗಟ್ಟಿಕಟ್ಟಿದ್ದೆಂದು ಬಹುಕಾಲದ ಮೇಲೆ ತಿಳಿಯಿತು. ಇಲಿಯ ಅಮೈಲಿನ್ ಗಟ್ಟಿಯಾಗದು, ಮನುಷ್ಯನದು ಆಗುವುದು. ೨೦೧೪ರಲ್ಲಿ ಮೂರು ತಂಡಗಳು, ಮನುಷ್ಯನ ಅಮೈಲಿನ್ನನ್ನು ತಯಾರಿಸುವ ಇಲಿಗಳಲ್ಲಿ ಸ್ವಭಕ್ಷಣವನ್ನು ತಡೆದು ನೋಡಿದುವು. ವಿಷಮಯವಾದ ಅಮೈಲಿನ್ ಉಂಡೆಗಳು ಕೋಶಗಳಲ್ಲಿ ಕೂಡಿ ಇಲಿಗಳು ಮಧುಮೇಹಕ್ಕೆ ತುತ್ತಾದುವು. ಹೀಗೆ ಓಪಿಯ ಮಡ್ಡಿಯು ವಿಲೇವಾರಿಯ ಸೋಲಿನೊಡನೆ ಹೆಣೆದುಕೊಂಡಿರುವುದು ಗೋಚರವಾಯಿತು.

ಇಷ್ಟನ್ನು ಓದಿದ ವಾಚಕರಿಗೆ, ಹಾಗಾದರೆ ಉಪವಾಸವೇ ಮದ್ದಲ್ಲವೆ, ಹಸಿವಿನಿಂದ ಸ್ವಭಕ್ಷಣವು ಹೆಚ್ಚುವುದಲ್ಲವೆ ಎಂದು ತೋರುವುದು ಸಹಜ. ಯಕೃತ್ತಿನ ವಿಷಯದಲ್ಲಿ ಆ ತರ್ಕವು ಸರಿ. ಬೀಟಾ ಕೋಶವು ಮಾತ್ರ ಬೇರೊಂದು ರೀತಿಯನ್ನು ಹಿಡಿದಿದೆ. ೨೦೧೫ರಲ್ಲಿ ಫ್ರಾನ್ಸಿನ ತಂಡವೊಂದು ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಪೋಷಣೆಯು ತಪ್ಪಿದಾಗ ಬೀಟಾ ಕೋಶವು ಹೊಸದಾಗಿ ತಯಾರಾದ ಇನ್ಸುಲಿನ್ ಗುಳಿಗೆಗಳನ್ನೇ ನೇರವಾಗಿ ಲೈಸೋಸೋಮಿಗೆ ಹಾಕಿ ಕರಗಿಸಿಬಿಡುವುದು. ಅದರಿಂದ ಬಿಡುಗಡೆಯಾದ ಪೋಷಕಾಂಶವು ಸಾಮಾನ್ಯವಾದ ಸ್ವಭಕ್ಷಣವನ್ನು ತಗ್ಗಿಸುವುದು. ಹಸಿದವನ ರಕ್ತಕ್ಕೆ ಇನ್ಸುಲಿನ್ ಹರಿದರೆ ಸಕ್ಕರೆಯು ಇಳಿದು ಪ್ರಾಣಕ್ಕೆ ಅಪಾಯವಾದ್ದರಿಂದ, ಬೀಟಾ ಕೋಶವು ಹಸಿವಿನಲ್ಲಿ ಮೊದಲು ನಾಶಮಾಡುವುದು ತನ್ನ ದಾಸ್ತಾನನ್ನೇ. ಒಂದು ಅಂಗಕ್ಕೆ ಸಲ್ಲುವ ನಿಯಮವನ್ನು ಇನ್ನೊಂದಕ್ಕೆ ಅನ್ವಯಿಸಿದರೆ ಎಂಥ ಪ್ರಮಾದವಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

ಏಕಾದಶಿ, ಶಿವರಾತ್ರಿ, ರಂಜಾನ್ ಇವುಗಳ ಉಪವಾಸಕ್ಕೆ ಅವುಗಳದೇ ಆದ ಧರ್ಮಾರ್ಥವಿದೆ. ಆರೋಗ್ಯವಂತನು ಅವನ್ನು ಆಚರಿಸುವುದಕ್ಕೆ ಇಲ್ಲಿ ಆಕ್ಷೇಪವಿಲ್ಲ. ಮಧುಮೇಹಿಗಳಲ್ಲಿ ಮೈಯ ತೂಕವನ್ನು ಇಳಿಸಿದವರಿಗೆ ಸಕ್ಕರೆಯು ಹತೋಟಿಗೆ ಬರುವುದೂ ನಿಜವೇ. ಆದರೆ ಇನ್ಸುಲಿನ್ನನ್ನು ಚುಚ್ಚಿಕೊಳ್ಳುವವನು, ಅಥವಾ ಇನ್ಸುಲಿನ್ನನ್ನು ಕೆರಳಿಸುವ ಗುಳಿಗೆಯನ್ನು ನುಂಗುವವನು, ವೈದ್ಯನನ್ನು ಕೇಳದೆ ನಿರಾಹಾರನಾದರೆ ಸಕ್ಕರೆಯು ತಟ್ಟನೆ ಇಳಿದು ಮೂರ್ಛೆಹೋಗಬಹುದು. ಚಿಕ್ಕಂದಿನಲ್ಲಿಯೇ ಬೀಟಾ ಕೋಶಗಳು ನಾಶವಾದ ಮೊದಲನೆಯ ಬಗೆಯ ರೋಗಿಯು ಇನ್ಸುಲಿನ್ನನ್ನು ಬಿಟ್ಟರೆ ಕೆಲವೇ ದಿನಗಳಲ್ಲಿ ಸಾಯುವನು. ಸ್ವಭಕ್ಷಣದ ಹೆಸರಿನಲ್ಲಿ ಪುಡಿಯನ್ನೂ ಕಷಾಯವನ್ನೂ ಮಾರುವವರಿಗೆ ಈ ಭೇದವು ಬೇಕಾಗಿಲ್ಲ.

ಸಂಸ್ಕೃತವನ್ನು ಬಲ್ಲವರಲ್ಲಿ ಇನ್ನೊಂದು ಉತ್ಸಾಹವು ಕಾಣುವುದುಂಟು. ಆಯುರ್ವೇದವು ಜಠರಾಗ್ನಿಯ ಜೊತೆಗೆ ಏಳು ಧಾತುಗಳಿಗೆ ಏಳು ಅಗ್ನಿಗಳನ್ನು ಹೇಳಿ, ಪಾಕವಾಗದೆ ಉಳಿದುದನ್ನು ಆಮವೆಂದು ಕರೆದು ರೋಗಗಳಿಗೆ ಮೂಲವನ್ನಾಗಿ ಮಾಡಿದೆ. ಲೈಸೋಸೋಮನ್ನು ಧಾತ್ವಗ್ನಿಯೆಂದೂ ಓಪಿಯ ಮಡ್ಡಿಯನ್ನು ಆಮವೆಂದೂ ಹೇಳಿಬಿಡಲು ನಾಲಗೆ ತುರಿಸುವುದು. ಸಾದೃಶ್ಯವು ಸುಂದರವಾಗಿದೆ, ವಿದ್ಯಾರ್ಥಿಗೆ ವಿಷಯವನ್ನು ತಿಳಿಸುವುದಕ್ಕೆ ಉಪಯೋಗವೂ ಆದೀತು. ಆದರೆ ನ್ಯಾಯಶಾಸ್ತ್ರದಲ್ಲಿ ಉಪಮಾನಕ್ಕೆ ಒಂದು ಸ್ಥಾನ, ಪ್ರತ್ಯಕ್ಷಕ್ಕೆ ಬೇರೊಂದು ಸ್ಥಾನ. ಇರುವೆಯನ್ನು ಕಂಡು ಬರೆದ ಚರಕನು ಪ್ರತ್ಯಕ್ಷವನ್ನು ಬರೆದನು, ಅದಕ್ಕೆ ಸಲ್ಲುವ ಗೌರವವು ಅವನಿಗೆ ಸಲ್ಲಬೇಕು. ಕಾಣದಿದ್ದುದನ್ನು ಕಂಡನೆಂದು ಅವನ ಮೇಲೆ ಹೊರಿಸುವುದು ಗೌರವವಲ್ಲ.

ಈಗ ಈ ವಿದ್ಯೆಯು ನಿಂತಿರುವ ನೆಲೆಯು ಹೀಗಿದೆ. ೨೦೧೮ರಲ್ಲಿ ಸಿಯೋಲಿನ ಆ ತಂಡದ ಮುಖ್ಯರಾದ ಮ್ಯುಂಗ್ ಶಿಕ್ ಲೀ ಅವರೂ ಸಂಗಡಿಗರೂ ಸ್ವಭಕ್ಷಣವನ್ನು ಹೆಚ್ಚಿಸುವ ಒಂದು ಸಣ್ಣ ಅಣುವನ್ನು ಸ್ಥೂಲವಾದ ಇಲಿಗಳಿಗೆ ಕೊಟ್ಟು, ಅವುಗಳ ಸಕ್ಕರೆಯು ಸುಧಾರಿಸಿದುದನ್ನು ವರದಿಮಾಡಿದರು. ಮನುಷ್ಯರಿಗೆ ಬರೆದುಕೊಡಬಹುದಾದ ಅಂಥ ಔಷಧವು ಇನ್ನೂ ಬಂದಿಲ್ಲ. ಸ್ವಭಕ್ಷಣವು ಮಿತಿಮೀರಿದರೂ ಕೋಶಕ್ಕೆ ಕೇಡೆಂಬ ಶಂಕೆಯಿದೆ. ಇವೆಲ್ಲಕ್ಕಿಂತ ದೊಡ್ಡ ಅಡಚಣೆಯು ಅಂಗದ ಇರವಿನದು. ರಕ್ತವನ್ನು ತೆಗೆದಂತೆ ಬೀಟಾ ಕೋಶವನ್ನು ತೆಗೆಯುವಂತಿಲ್ಲ. ಮೇದೋಜೀರಕವು ಜಠರದ ಹಿಂದೆ, ಬೆನ್ನೆಲುಬಿನ ಮುಂದೆ ಅಡಗಿ ಕುಳಿತಿದೆ. ಬದುಕಿರುವವರ ದೇಹದಿಂದ ಅದರ ಚೂರನ್ನು ಕತ್ತರಿಸುವುದು ಅಪಾಯಕರ. ಮನುಷ್ಯನ ಬೀಟಾ ಕೋಶದ ವಿಷಯವಾಗಿ ತಿಳಿದಿರುವುದೆಲ್ಲ ಬಹುಮಟ್ಟಿಗೆ ಸತ್ತವರು ದಾನವಾಗಿ ಬಿಟ್ಟುಹೋದ ಅಂಗಗಳಿಂದ ತಿಳಿದದ್ದು.